ಸೈಟ್ ವರ್ಡ್ಸ್ ಬಾಯಿಪಾಠ ಆಗಿದೆ, ಓದೋಕೆ ಯಾಕೆ ಬರ್ತಿಲ್ಲ?

ಶಾಲೆ ಶುರುವಾಗಿ ಮಳೆ ಹಿಡಿದುಕೊಳ್ಳುವ ಹೊತ್ತಿಗೆ, ಯುಕೆಜಿ ಮತ್ತು ಒಂದನೇ ಕ್ಲಾಸಿನ ಮಕ್ಕಳ ಬ್ಯಾಗಿನಲ್ಲಿ ಒಂದು ಹಾಳೆ ಮನೆಗೆ ಬರುತ್ತದೆ. ಮೇಲೆ ದಪ್ಪಕ್ಷರದಲ್ಲಿ ‘ಸೈಟ್ ವರ್ಡ್ಸ್’. ಕೆಳಗೆ ಇಂಗ್ಲಿಷ್ ಪದಗಳ ಸಾಲು: ದ, ಆಫ್, ವಾಸ್, ಸೆಡ್, ದೇ, ಕಮ್, ಹ್ಯಾವ್. ಸೋಮವಾರದೊಳಗೆ ಕಲಿತು ಬರಬೇಕು. ಇದು ಈಗ ಶಿವಮೊಗ್ಗದ ದೊಡ್ಡ ಕಾನ್ವೆಂಟುಗಳ ಕಥೆ ಮಾತ್ರ ಅಲ್ಲ. ಹೊಸನಗರ, ಸೊರಬದ ಕಡೆಯ ಸಣ್ಣ ಶಾಲೆಗಳಿಂದಲೂ ಈ ಹಾಳೆ ಬರುತ್ತದೆ. 2019-20ರಲ್ಲಿ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾದ ಮೇಲಂತೂ, ಮನೆಯಲ್ಲಿ ಯಾರೂ ಇಂಗ್ಲಿಷ್ ಆಡದ ಮಕ್ಕಳ ಕೈಗೂ ಬಂದಿದೆ.

ಹಿಂದೆಯೇ ಅಮ್ಮಂದಿರ ದೂರೂ ಬರುತ್ತದೆ. “ಎಂತ ಮಾಡೋದು ಮೇಷ್ಟ್ರೇ, ಹಾಳೆ ತೋರಿಸಿದ್ರೆ ಪಟಪಟ ಅಂತ ಹೇಳ್ತಾನೆ. ಅದೇ ಪದ ಕಥೆ ಪುಸ್ತಕದಲ್ಲಿ ಬಂದ್ರೆ ಪಿಳಿಪಿಳಿ ನೋಡ್ತಾನೆ.”

ಹುಡುಗ ದಡ್ಡನೂ ಅಲ್ಲ, ಸೋಮಾರಿಯೂ ಅಲ್ಲ. ಅವನು ಕಲಿತದ್ದು ಹಾಳೆಯನ್ನು, ಪದವನ್ನಲ್ಲ. ಎರಡನೇ ಸಾಲಿನ ಮೂರನೆಯದು ‘ಸೆಡ್’ ಅಂತ ಅವನಿಗೆ ಗೊತ್ತು. ಹಾಳೆಯ ಸಾಲು ಅದಲುಬದಲು ಮಾಡಿ ಕೇಳಿ, ಅರ್ಧ ಗುಟ್ಟು ಅಲ್ಲೇ ಬಯಲಾಗುತ್ತದೆ. ಉಳಿದ ಅರ್ಧ ಗುಟ್ಟಿಗೆ ಓದು ಅನ್ನೋದು ತಲೆಯೊಳಗೆ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ನೋಡಬೇಕು.

ಸೈಟ್ ವರ್ಡ್ ಅನ್ನೋ ಮಾತನ್ನು ಎರಡು ಅರ್ಥದಲ್ಲಿ ಬಳಸುತ್ತಾರೆ. ಗೊಂದಲ ಹುಟ್ಟೋದೇ ಅಲ್ಲಿಂದ. ಶಾಲೆಯ ಹಾಳೆಯಲ್ಲಿ ಅದರ ಅರ್ಥ, ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಪದಗಳ ಪಟ್ಟಿ. ಓದಿನ ಬಗ್ಗೆ ಸಂಶೋಧನೆ ಮಾಡುವವರಿಗೆ ಅದರ ಅರ್ಥ ಬೇರೆ. ಕಂಡ ತಕ್ಷಣ, ಅಕ್ಷರ ಕೂಡಿಸದೆ ಗುರುತು ಸಿಗುವ ಯಾವುದೇ ಪದ ಅವರ ಲೆಕ್ಕದಲ್ಲಿ ಸೈಟ್ ವರ್ಡ್. ಆ ಲೆಕ್ಕದಲ್ಲಿ ನಿಮಗೆ ‘ಶಿವಮೊಗ್ಗ’ ಒಂದು ಸೈಟ್ ವರ್ಡ್. ‘ಅಡಿಕೆ’ಯೂ ಹೌದು, ‘ಮತ್ತು’ ಕೂಡ ಹೌದು. ಈ ಲೇಖನದಲ್ಲಿ ಇಲ್ಲಿಯವರೆಗೆ ಓದಿದ ಪದಗಳೆಲ್ಲ ಬಹುಶಃ ನಿಮ್ಮ ಸೈಟ್ ವರ್ಡ್‌ಗಳೇ. ಒಂದನ್ನೂ ನೀವು ಕೂಡಿಸಿ ಓದಲಿಲ್ಲ, ಅಲ್ವಾ?

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ನೀಲಿ ಪೆನ್ನಿನಲ್ಲಿ ‘ಕೆಂಪು’ ಅಂತ ಬರೆಯಿರಿ, ಕೆಂಪು ಪೆನ್ನಿನಲ್ಲಿ ‘ಹಸಿರು’ ಅಂತ ಬರೆಯಿರಿ. ಆಮೇಲೆ ಶಾಯಿಯ ಬಣ್ಣ ಯಾವುದು ಅಂತ ಬೇಗಬೇಗ ಹೇಳಿ. ನಾಲಿಗೆ ತಡವರಿಸುತ್ತದೆ. ಓದಬಾರದು ಅಂದುಕೊಂಡರೂ ಕಣ್ಣು ಓದಿಬಿಡುತ್ತದೆ. ಅಮೆರಿಕದ ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ತೋರಿಸಿದ್ದು ಇದನ್ನೇ. ಇದೇ ಆಟವನ್ನು ಈಗಷ್ಟೇ ಅಕ್ಷರ ಕಲಿಯುತ್ತಿರುವ ಮಗುವಿಗೆ ಕೊಟ್ಟರೆ ಅದು ಆರಾಮಾಗಿ ಬಣ್ಣ ಹೇಳುತ್ತದೆ. ಅದಕ್ಕೆ ಪದ ಇನ್ನೂ ತಾನಾಗಿ ಓದಿಸಿಕೊಳ್ಳುತ್ತಿಲ್ಲ. ಮಗು ಯಾವಾಗ ಈ ಆಟದಲ್ಲಿ ತೊದಲಲು ಶುರು ಮಾಡುತ್ತದೋ ಆಗ ಖುಷಿಪಡಿ.

ಇನ್ನು ಆ ಪಟ್ಟಿ ಎಲ್ಲಿಂದ ಬಂತು? ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಎಡ್ವರ್ಡ್ ಡಾಲ್ಚ್ 1936ರಲ್ಲಿ 220 ಪದಗಳನ್ನು ಆರಿಸಿ ಪ್ರಕಟಿಸಿದರು. ಅದರಲ್ಲಿ ನಾಮಪದ ಇಲ್ಲ. ಬೆಕ್ಕು, ಮನೆ, ಸೇಬು ಇವೆಲ್ಲ ಕಥೆಯಿಂದ ಕಥೆಗೆ ಬದಲಾಗುತ್ತವೆ, ಆದರೆ ‘ದ’, ‘ಆ್ಯಂಡ್’, ‘ವಾಸ್’ ಎಲ್ಲ ಕಥೆಯಲ್ಲೂ ಇರಲೇಬೇಕು. 95 ನಾಮಪದಗಳ ಪಟ್ಟಿಯನ್ನು ಬೇರೆ ಕೊಟ್ಟರು. 1957ರಲ್ಲಿ ಎಡ್ವರ್ಡ್ ಫ್ರೈ ಇನ್ನೊಂದು ಪಟ್ಟಿ ತಂದರು. ಅದು ಮುಂದೆ 1000 ಪದಗಳವರೆಗೆ ಬೆಳೆಯಿತು. ಅದರಲ್ಲಿ ಮೊದಲ 100 ಪದಗಳೇ ಇಂಗ್ಲಿಷಿನಲ್ಲಿ ಅಚ್ಚಾಗುವ ಬರಹದ ಸುಮಾರು ಅರ್ಧದಷ್ಟು ಜಾಗ ಹಿಡಿಯುತ್ತವೆ. ಹಾಗಾಗಿ ಪಟ್ಟಿಯೇನೂ ಸುಳ್ಳಲ್ಲ. ಈ ಪದಗಳು ಸಲೀಸಾದರೆ ಮಗುವಿಗೆ ಓದು ನಿಜಕ್ಕೂ ಹಗುರವಾಗುತ್ತದೆ.

ತಪ್ಪು ಆಗಿದ್ದು ಕಲಿಸುವ ದಾರಿಯಲ್ಲಿ. ಡಾಲ್ಚ್ ಕಾಲದ ಅಮೆರಿಕದಲ್ಲಿ ‘ನೋಡು, ಹೇಳು’ ಅನ್ನುವ ಪದ್ಧತಿ ಜೋರಾಗಿತ್ತು. ಪದದ ಒಟ್ಟು ಆಕಾರವನ್ನು ಚಿತ್ರದ ಹಾಗೆ ನೆನಪಿಡಬೇಕು, ಬಿಡಿ ಅಕ್ಷರದ ಸದ್ದಿನ ಗೊಡವೆ ಬೇಡ ಅಂತ. ಆ ಪದ್ಧತಿ ಅಲ್ಲೇ ಬಹುಪಾಲು ಹಳತಾಯಿತು. ಪಟ್ಟಿಯ ಜೊತೆಗೆ ಅದರ ನೆರಳು ಮಾತ್ರ ಇನ್ನೂ ನಮ್ಮ ಫ್ಲ್ಯಾಶ್ ಕಾರ್ಡುಗಳಲ್ಲಿ ಉಳಿದುಕೊಂಡಿದೆ.

ಆಕಾರ ನೋಡಿ ನೆನಪಿಡೋದು ಎಷ್ಟು ದೂರ ಹೋಗುತ್ತದೆ ಅಂತ ತಿಳಿಯಬೇಕಾದರೆ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಸಣ್ಣ ಮಗುವಿನ ಜೊತೆ ಅರ್ಧ ಗಂಟೆ ನಿಲ್ಲಬೇಕು. ದೂರದಲ್ಲಿ ಬಸ್ಸು ತಿರುಗಿದ ಕೂಡಲೇ “ಆಗುಂಬೆ ಬಸ್ ಬಂತು” ಅಂತ ಕೂಗುತ್ತದೆ. ಓದು ಬಂತು ಅಂತ ಅಪ್ಪನಿಗೆ ಹೆಮ್ಮೆ. ಮಗು ನೋಡಿದ್ದು ಬಸ್ಸಿನ ಬಣ್ಣ, ಮುಂದಿನ ಗಾಜಿನ ಮೇಲಿನ ದೇವರ ಚಿತ್ರ, ಹಾರ್ನಿನ ಸದ್ದು. ಅದೇ ಬೋರ್ಡನ್ನು ಬೇರೆ ಬಸ್ಸಿಗೆ ಹಾಕಿದರೆ ಮಗು ಸುಮ್ಮನಾಗುತ್ತದೆ. ಅಮೆರಿಕದಲ್ಲಿ 1984ರಲ್ಲಿ ಇದನ್ನೇ ಅಚ್ಚುಕಟ್ಟಾಗಿ ಪರೀಕ್ಷೆ ಮಾಡಿದ್ದಾರೆ. ಮೂರರಿಂದ ಐದು ವರ್ಷದ ಮಕ್ಕಳಿಗೆ ಪೆಪ್ಸಿಯ ಲೇಬಲ್ ತೋರಿಸಿದರು, ಆದರೆ ಮೊದಲ ಅಕ್ಷರ ಬದಲಿಸಿ ‘ಎಕ್ಸ್’ ಹಾಕಿದ್ದರು. ಓದು ಬಾರದ ಹೆಚ್ಚಿನ ಮಕ್ಕಳು ಏನೂ ಆಗಿಲ್ಲ ಎನ್ನುವಂತೆ ‘ಪೆಪ್ಸಿ’ ಅಂದರು. ಕಣ್ಣು ಬಣ್ಣಕ್ಕೆ, ಆಕಾರಕ್ಕೆ ಅಂಟಿಕೊಂಡಿತ್ತು. ಅಕ್ಷರದ ಕಡೆ ಹೋಗಿರಲೇ ಇಲ್ಲ.

ಆ ಪರೀಕ್ಷೆ ನಡೆಸಿದವರಲ್ಲಿ ಲಿನಿಯಾ ಏರಿ ಒಬ್ಬರು. ಮಗುವಿಗೆ ಪದಗಳು ಹೇಗೆ ಗುರುತು ಸಿಗುತ್ತವೆ ಅನ್ನುವುದರ ಮೇಲೆ ಅವರು ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಅವರ ಮಾತಿನ ತಿರುಳು ಇಷ್ಟು: ಮಗುವಿನ ಕಿವಿಗೆ ‘ಸೆಡ್’ ಅನ್ನುವ ಸದ್ದು ಗೊತ್ತು. ಅದರ ಅರ್ಥವೂ ಗೊತ್ತು. ಈ ಸದ್ದಿನೊಳಗಿನ ಒಂದೊಂದು ಬಿಡಿ ಸದ್ದಿಗೂ ಕಾಗದದ ಮೇಲಿನ ಅಕ್ಷರ ಗಂಟು ಬಿದ್ದರೆ ಪದ ನೆನಪಿನಲ್ಲಿ ನಿಲ್ಲುತ್ತದೆ. ಗಂಟು ಬೀಳದಿದ್ದರೆ ಜಾರುತ್ತದೆ. ಅಂದರೆ ಸೈಟ್ ವರ್ಡ್ ಕೂಡ ಕೊನೆಗೆ ಕಣ್ಣಿನ ಕೆಲಸಕ್ಕಿಂತ ಹೆಚ್ಚಾಗಿ ಕಿವಿಯ ಕೆಲಸ. ಗಂಟು ಸರಿಯಾಗಿ ಬಿದ್ದ ಪದವನ್ನು ಬೇರೆ ಅಚ್ಚಿನಲ್ಲಿ, ಬೇರೆ ಬಣ್ಣದಲ್ಲಿ, ಅಜ್ಜಿಯ ಸೊಟ್ಟ ಕೈಬರಹದಲ್ಲಿ ಕೊಟ್ಟರೂ ಮಗು ಓದುತ್ತದೆ.

ಮಿದುಳಿನ ಕಡೆಯಿಂದ ನೋಡಿದವರಿಗೂ ಹೀಗೇ ಕಂಡಿದೆ. ಸ್ಟ್ಯಾನ್‌ಫರ್ಡ್‌ನ ಬ್ರೂಸ್ ಮೆಕ್‌ಕ್ಯಾಂಡ್ಲಿಸ್ ಮತ್ತು ಜೊತೆಗಾರರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೊಸದಾಗಿ ಕಟ್ಟಿದ ಒಂದು ಲಿಪಿಯನ್ನು ಜನರಿಗೆ ಎರಡು ರೀತಿ ಕಲಿಸಿದರು. ಕೆಲವು ಪದಗಳನ್ನು ಅಕ್ಷರ ಮತ್ತು ಸದ್ದು ಜೋಡಿಸಿ, ಕೆಲವನ್ನು ಇಡೀ ಪದವಾಗಿ. ಸದ್ದು ಜೋಡಿಸಿ ಕಲಿತ ಪದ ಕಂಡಾಗ ಮಿದುಳಿನ ಎಡಭಾಗ ಚುರುಕಾಯಿತು. ಪಳಗಿದ ಓದುಗರು ಓದುವಾಗ ದುಡಿಯುವುದು ಅದೇ ಭಾಗ. ಇಡೀ ಪದವಾಗಿ ಕಲಿತಾಗ ಬಲಭಾಗ ಹೆಚ್ಚು ಕೆಲಸ ಮಾಡಿತು. ಕಲಿತ ಪದ ಒಂದೇ ರೀತಿಯದ್ದಾದರೂ ಕಲಿತ ದಾರಿಯ ಗುರುತು ತಲೆಯೊಳಗೆ ಉಳಿದಿತ್ತು.

ಇಲ್ಲಿ ಯಾರಾದರೂ ಎದ್ದು ಕೇಳಿಯೇ ಕೇಳುತ್ತಾರೆ. ‘ಸೆಡ್’, ‘ವಾಸ್’, ‘ಟೂ’ ಇವೆಲ್ಲ ಅಕ್ಷರಕ್ಕೂ ಸದ್ದಿಗೂ ಸಂಬಂಧವೇ ಇಲ್ಲದ ಪದಗಳು ಮಾರಾಯ್ರೆ, ಅದಕ್ಕೇ ಅಲ್ವಾ ಬಾಯಿಪಾಠ ಮಾಡಿಸೋದು?

ಇದು ಅರ್ಧ ಮಾತ್ರ ನಿಜ. ಡಾಲ್ಚ್ ಪಟ್ಟಿಯನ್ನೇ ಮುಂದಿಟ್ಟುಕೊಂಡು ನೋಡಿ. ‘ಇಟ್’, ‘ಇನ್’, ‘ಕ್ಯಾನ್’, ‘ಡಿಡ್’, ‘ಬಿಗ್’, ‘ರೆಡ್’, ‘ರನ್’, ‘ಟೆನ್’, ‘ಸಿಕ್ಸ್’. ಇವುಗಳಲ್ಲಿ ಅಡ್ಡದಾರಿ ಏನಿದೆ? ಅಕ್ಷರದ ಸದ್ದು ಗೊತ್ತಿರುವ ಮಗು ಕೂಡಿಸಿ ಓದಿಕೊಳ್ಳುತ್ತದೆ. ಇವನ್ನು ಬಾಯಿಪಾಠ ಮಾಡಿಸುವುದು ಸುಮ್ನೆ ಶ್ರಮ ದಂಡ. ಇವು ಸಲೀಸಾಗುವುದು ಓದಿನ ಅಭ್ಯಾಸದಿಂದಲೇ.

ಉಳಿದ ತಂಟೆಕೋರ ಪದಗಳಲ್ಲೂ ಪೂರ್ತಿ ಪದ ತಂಟೆ ಮಾಡುವುದಿಲ್ಲ. ಒಂದು ಜಾಗದಲ್ಲಿ ಮಾತ್ರ. ‘ಸೆಡ್’ ಪದದಲ್ಲಿ ಮೊದಲ ಎಸ್ ಸರಿಯಾಗಿದೆ, ಕೊನೆಯ ಡಿ ಸರಿಯಾಗಿದೆ. ನಡುವಿನ ಎ-ಐ ಅನ್ನುವ ಎರಡು ಅಕ್ಷರ ಮಾತ್ರ ಸೇರಿಕೊಂಡು ‘ಎಲೆ’ಯ ‘ಎ’ ಸದ್ದು ಕೊಡುತ್ತವೆ. ‘ವಾಸ್’ನಲ್ಲಿ ಎ ಅಕ್ಷರದ ಸದ್ದು ‘ಆ’ ಆಗಿದ್ದು ವಿಚಿತ್ರ ಅನಿಸುತ್ತದೆ, ಆದರೆ ಡಬ್ಲ್ಯು ಹಿಂದೆ ಬಂದ ಎ ಬಹಳ ಕಡೆ ಹೀಗೇ ತಿರುಗುತ್ತದೆ. ವಾಂಟ್, ವಾಷ್, ವಾಚ್ ನೋಡಿ. ಅದನ್ನು ಒಂಟಿ ಪದವಾಗಿ ಕಲಿಸುವ ಬದಲು ಈ ಅಣ್ಣತಮ್ಮಂದಿರ ಜೊತೆ ಕೂರಿಸಿದರೆ ಮಗುವಿಗೆ ಆಶ್ಚರ್ಯ ಉಳಿಯುವುದಿಲ್ಲ. ‘ಹ್ಯಾವ್’, ‘ಗಿವ್’, ‘ಲಿವ್’ ಪದಗಳ ಕೊನೆಯಲ್ಲಿ ಕೆಲಸವಿಲ್ಲದ ಇ ಯಾಕೆ ಕೂತಿದೆ? ಇಂಗ್ಲಿಷಿನ ಹಳೆ ಪದಗಳು ವಿ ಅಕ್ಷರದಲ್ಲಿ ಮುಗಿಯುವುದಿಲ್ಲ, ಅದಕ್ಕೆ ಕಾವಲಿಗೆ ಒಂದು ಇ. ಎರಡು ಅನ್ನುವ ‘ಟೂ’ ಪದದೊಳಗಿನ ಡಬ್ಲ್ಯು ಒಂದಾನೊಂದು ಕಾಲದಲ್ಲಿ ಬಾಯಲ್ಲೂ ಇತ್ತು. ಟ್ವೆಲ್ವ್, ಟ್ವೆಂಟಿ, ಟ್ವೈಸ್, ಟ್ವಿನ್ ಇವುಗಳಲ್ಲಿ ಇನ್ನೂ ಕೇಳಿಸುತ್ತದೆ. ಎಲ್ಲವೂ ಎರಡಕ್ಕೆ ಸೇರಿದವೇ. ಈ ಕಥೆಯನ್ನು ಆರು ವರ್ಷದ ಮಗುವಿಗೆ ಹೇಳಿದರೆ ಅರ್ಥವಾಗುತ್ತದೆ, ನೆನಪೂ ಇರುತ್ತದೆ. ಮಕ್ಕಳಿಗೆ ಇಂಥ ಚಾಡಿ ಮಾತು ಬಹಳ ಇಷ್ಟ.

‘ಆಫ್’ ವಿಷಯದಲ್ಲಿ ನಮಗೆ ಒಂದು ಪುಕ್ಕಟೆ ಲಾಭ ಇದೆ. ಇಂಗ್ಲಿಷರ ಬಾಯಲ್ಲಿ ಅದರ ಎಫ್ ‘ವ್’ ಆಗುತ್ತದೆ, ಅವರ ಮಕ್ಕಳಿಗೆ ಅದು ಕಷ್ಟದ ಪದ. ನಾವು ಬಹುತೇಕರು ‘ಆಫ್’ ಅಂತಲೇ ಹೇಳುತ್ತೇವೆ. ಬರೆದ ಹಾಗೇ ಓದಿದ ಹಾಗಾಯಿತು.

ಇಂಗ್ಲಿಷ್ ಮನೆಮಾತಾದ ಮಕ್ಕಳೂ ಈ ಕಾಗುಣಿತಕ್ಕೆ ಸುಸ್ತಾಗುತ್ತಾರೆ ಅನ್ನೋದು ನಮಗೆ ಗೊತ್ತಿದ್ದರೆ ಒಳ್ಳೆಯದು. 2003ರಲ್ಲಿ ಪ್ರಕಟವಾದ ಯುರೋಪಿನ ಒಂದು ದೊಡ್ಡ ಹೋಲಿಕೆಯಲ್ಲಿ, ಒಂದನೇ ತರಗತಿ ಮುಗಿಸಿದ ಫಿನ್‌ಲ್ಯಾಂಡ್, ಗ್ರೀಸ್, ಇಟಲಿಯ ಮಕ್ಕಳು ಪರಿಚಿತ ಪದಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ಸರಿಯಾಗಿ ಓದಿದರು. ಇಂಗ್ಲಿಷ್ ಓದುವ ಸ್ಕಾಟ್ಲೆಂಡಿನ ಮಕ್ಕಳು ಓದಿದ್ದು ಸುಮಾರು 34 ಶೇಕಡಾ. ತೀರ್ಥಹಳ್ಳಿಯ ಮಗು ಒಂದು ವರ್ಷದಲ್ಲಿ ಪಟ್ಟಿ ಮುಗಿಸಲಿಲ್ಲ ಅಂತ ಬಯ್ಯುವ ಮುಂಚೆ ಈ ಲೆಕ್ಕ ನೆನಪಿರಲಿ. ಅದರಲ್ಲೂ ನಮ್ಮ ಕೆಲವು ಮಕ್ಕಳ ಮನೆಯಲ್ಲಿ ಕೊಂಕಣಿ, ಕೆಲವರ ಮನೆಯಲ್ಲಿ ಉರ್ದು, ತುಳು, ಶಿಕಾರಿಪುರದ ತಾಂಡಾಗಳಲ್ಲಿ ಲಂಬಾಣಿ. ಅವರಿಗೆ ಕನ್ನಡವೇ ಎರಡನೆಯದು, ಇಂಗ್ಲಿಷ್ ಮೂರನೆಯದು. ಪದದ ಅರ್ಥವೇ ಗೊತ್ತಿಲ್ಲದಿದ್ದರೆ ಸದ್ದಿಗೆ ಗಂಟು ಹಾಕಿ ಪ್ರಯೋಜನ ಇಲ್ಲ. ಮೊದಲು ಮಾತಿನಲ್ಲಿ ಆ ಪದ ಓಡಾಡಬೇಕು. “ಅಜ್ಜಿ ಸೆಡ್ ಕಮ್” ಅಂತ ಬೆರೆಸಿ ಆಡಿದರೂ ನಡೆಯುತ್ತದೆ.

ಈಗ ಮುಖ್ಯ ವಿಷಯ. ಕನ್ನಡ ಕಲಿತ ಮಗು ಇಂಗ್ಲಿಷ್ ಪದವನ್ನು ಹೇಗೆ ಕೇಳಿಸಿಕೊಳ್ಳುತ್ತದೆ?

ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಜಗುಲಿಯಲ್ಲಿ ಕೂತಿದ್ದಾಳೆ ಅಂತ ಇಟ್ಟುಕೊಳ್ಳಿ. ಮುಂದೆ ಒಂದು ಹಿಡಿ ಹುಣಸೆಬೀಜ. ‘ಸೆಡ್’ ಅನ್ನು, ಅದರಲ್ಲಿ ಎಷ್ಟು ಸದ್ದು ಇದೆಯೋ ಅಷ್ಟು ಬೀಜ ಮುಂದೆ ತಳ್ಳು ಅಂದರೆ ಅವಳು ಎರಡು ಬೀಜ ತಳ್ಳುತ್ತಾಳೆ. “ಸೆ... ಡ್.” ತಪ್ಪೇನಲ್ಲ. ಕನ್ನಡದ ಲೆಕ್ಕದಲ್ಲಿ ‘ಸೆ’ ಒಂದೇ ಅಕ್ಷರ. ನಮ್ಮ ಲಿಪಿ ವ್ಯಂಜನವನ್ನೂ ಸ್ವರವನ್ನೂ ಒಟ್ಟಿಗೆ ಕಟ್ಟಿ ಒಂದು ಅಕ್ಷರ ಮಾಡುತ್ತದೆ. ಇಂಗ್ಲಿಷ್ ಎರಡನ್ನೂ ಬಿಡಿಸಿ ಅಕ್ಕಪಕ್ಕ ಕೂರಿಸುತ್ತದೆ. ಕನ್ನಡದಲ್ಲಿ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ ಮಾಡಿದ ಅಧ್ಯಯನಗಳಲ್ಲೂ ಇದು ಕಾಣುತ್ತದೆ. ಅಕ್ಷರದ ಮಟ್ಟದಲ್ಲಿ ಸದ್ದು ಬಿಡಿಸುವುದು ನಮ್ಮ ಮಕ್ಕಳಿಗೆ ಬೇಗ ಬರುತ್ತದೆ, ಅದಕ್ಕಿಂತ ಸಣ್ಣ ಚೂರು ಮಾಡುವುದು ನಿಧಾನ.

ಆದರೆ ಬೀಗದ ಕೈ ನಮ್ಮ ಹತ್ತಿರವೇ ಇದೆ. ಹುಡುಗಿಗೆ ಕೇಳಿ, “ಸ್ ಜೊತೆ ಎ ಸೇರಿದ್ರೆ ಎಂತ ಆಗುತ್ತೆ?” ಕಾಗುಣಿತ ಗೊತ್ತಿರುವವಳು ಥಟ್ಟನೆ “ಸೆ” ಅನ್ನುತ್ತಾಳೆ. “ಹಾಗಾದ್ರೆ ಸೆ ಒಳಗೆ ಎಷ್ಟು ಜನ ಇದ್ದಾರೆ?” ಸ್ವಲ್ಪ ಯೋಚನೆ ಮಾಡಿ ಇನ್ನೊಂದು ಬೀಜ ತಳ್ಳುತ್ತಾಳೆ. ಸ್, ಎ, ಡ್. ಮೂರು ಬೀಜ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ಮನೆ ಬರೆದು ಬೀಜ ಒಂದೊಂದರೊಳಗೆ ಇಡಿಸಿ. ಮೊದಲ ಮನೆಗೆ ಯಾವ ಅಕ್ಷರ? ಎಸ್. ಕೊನೆಯ ಮನೆಗೆ? ಡಿ. ನಡುವಿನ ಮನೆಗೆ ಅವಳು ಇ ಅನ್ನುತ್ತಾಳೆ. ಅದು ಸರಿಯಾದ ಊಹೆಯೇ, ಶಭಾಷ್ ಅನ್ನಿ. ಆಮೇಲೆ “ಇಲ್ಲಿ ಮಾತ್ರ ಇಬ್ಬರು ಸೇರಿಕೊಂಡು ಮೋಸ ಮಾಡಿದ್ದಾರೆ” ಅಂತ ಎ-ಐ ಬರೆದು ಕೆಳಗೆ ಕೆಂಪು ಗೆರೆ ಎಳೆಯಿರಿ. ನೆನಪಿಡಬೇಕಾದದ್ದು ಆ ಒಂದು ಮನೆ ಮಾತ್ರ. ಈಗ ಎಲ್ಲ ಅಳಿಸಿ, ನೋಡದೆ ಬರೆಯಲು ಹೇಳಿ. ಬರೆಯುವಾಗ ಬಾಯಲ್ಲಿ ಅಕ್ಷರದ ಹೆಸರು ಬೇಡ, ಸದ್ದು ಇರಲಿ. ಕೊನೆಗೆ ಆ ಪದ ಇರುವ ಒಂದು ಪುಟ್ಟ ವಾಕ್ಯ ಓದಿಸಿ. ಐದು ನಿಮಿಷದ ಕೆಲಸ.

ಬೀಜ ತಳ್ಳಿ ಮನೆ ತುಂಬುವ ಈ ಉಪಾಯ ರಷ್ಯಾದ ಮನೋವಿಜ್ಞಾನಿ ಡೇನಿಯಲ್ ಎಲ್ಕೊನಿನ್ ಅವರದು. ಅವರ ಹೆಸರಿನ ಪ್ಲಾಸ್ಟಿಕ್ ಕಿಟ್‌ಗಳು ಈಗ ಆನ್‌ಲೈನಿನಲ್ಲಿ ಸಿಗುತ್ತವೆ. ಹುಣಸೆಬೀಜ ಸಾಕು.

‘ಎಸ್ ಎ ಐ ಡಿ ಸೆಡ್, ಎಸ್ ಎ ಐ ಡಿ ಸೆಡ್’ ಅಂತ ರಾಗವಾಗಿ ಹೇಳಿಸುವುದು ನಮ್ಮಲ್ಲಿ ಹಳೆ ರೂಢಿ. ನಾನೂ ಹಾಗೇ ಕಲಿತವನು. ಡಿಕ್ಟೇಶನ್‌ಗೆ ಅದು ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಓದಿಗೆ ಬರುವುದಿಲ್ಲ. ಎಸ್ ಅನ್ನುವುದು ಅಕ್ಷರದ ಹೆಸರು, ಸದ್ದು ‘ಸ್’. ಹೆಸರುಗಳ ಸಾಲು ಹೇಳಿದರೆ ‘ಸೆಡ್’ ಅನ್ನುವ ಸದ್ದು ಅದರಿಂದ ಹೊರಡುವುದಿಲ್ಲ.

ನಮ್ಮ ಕಿವಿಯ ಇನ್ನೊಂದು ತೊಡಕು ಡಬ್ಲ್ಯು ಮತ್ತು ವಿ. ಕನ್ನಡದಲ್ಲಿ ಇರುವುದು ಒಂದೇ ‘ವ’. ಹಾಗಾಗಿ ವಿಲ್, ವೆರಿ ಎರಡರ ಮೊದಲ ಸದ್ದೂ ಮಗುವಿಗೆ ಒಂದೇ. ಯಾವಾಗ ಯಾವ ಅಕ್ಷರ ಅಂತ ತಲೆ ಕೆಡುತ್ತದೆ. ಡಾಲ್ಚ್ ಪಟ್ಟಿ ಇಲ್ಲಿ ನಮ್ಮ ಪಾಲಿಗೆ ಒಳ್ಳೆಯದೇ ಮಾಡಿದೆ. ಅದರಲ್ಲಿ ಡಬ್ಲ್ಯುನಿಂದ ಶುರುವಾಗುವ ಪದ 20ಕ್ಕೂ ಹೆಚ್ಚು ಇವೆ, ವಿಯಿಂದ ಶುರುವಾಗುವುದು ‘ವೆರಿ’ ಒಂದೇ. ಆ ಒಂದನ್ನು ನೆನಪಿಟ್ಟುಕೊಂಡರೆ ಪದದ ಶುರುವಿನಲ್ಲಿ ಬರುವ ಉಳಿದ ‘ವ’ಗಳು ಹೆಚ್ಚುಕಡಿಮೆ ಎಲ್ಲ ಡಬ್ಲ್ಯು.

ಕನ್ನಡದ ಓದಿಗೂ ಸೈಟ್ ವರ್ಡ್ಸ್ ಪಟ್ಟಿ ಬೇಕಾ ಅಂತ ಇತ್ತೀಚೆಗೆ ಕೆಲವರು ಕೇಳುತ್ತಾರೆ. ಇಂಗ್ಲಿಷಿನಂಥ ಪಟ್ಟಿ ಬೇಡ. ಕನ್ನಡ ಬಹುಪಾಲು ಬರೆದಂತೆ ಓದುವ ಭಾಷೆ. ಸೊನ್ನೆಯಂಥ ಒಂದೆರಡು ಕಡೆ ಮಾತ್ರ ಸ್ವಲ್ಪ ಜಾಣತನ ಬೇಕು. ‘ಪಂಪ’ದಲ್ಲಿ ಅದು ಮ್, ‘ಸಂತೆ’ಯಲ್ಲಿ ನ್. ಮಗು ಅದನ್ನು ಯಾರೂ ಹೇಳಿಕೊಡದೆ ಹಿಡಿಯುತ್ತದೆ.

ಕನ್ನಡದ ಕಷ್ಟ ಬೇರೆ ಕಡೆ ಇದೆ. ಕಲಿಯಬೇಕಾದ ಗುರುತುಗಳು ಜಾಸ್ತಿ. 26 ಅಕ್ಷರ ಕಲಿತು ಮುಗಿಸುವ ಹಾಗಿಲ್ಲ. ವರ್ಣಮಾಲೆ ಆದ ಮೇಲೆ ಕಾಗುಣಿತ, ಕಾಗುಣಿತ ಆದ ಮೇಲೆ ಒತ್ತಕ್ಷರ. ತ, ನ, ಮ, ಯ, ರ, ಲ ಇವುಗಳ ಒತ್ತು ನೋಡಲು ಮೂಲ ಅಕ್ಷರದ ಹಾಗೆ ಇರುವುದೇ ಇಲ್ಲ. ಆದರೆ ಮಗುವಿಗೆ ಮೊದಲ ದಿನದಿಂದ ಬೇಕಾದ ಪದಗಳು ಯಾವುವು? ಅಮ್ಮ, ಎಲ್ಲಿ, ಇಲ್ಲ, ಹತ್ತು, ಮತ್ತು. ಎಲ್ಲದರಲ್ಲೂ ಒತ್ತು! ನಾಗ್ ಅವರ ಅಧ್ಯಯನದಲ್ಲಿ ಕನ್ನಡದ ಅಕ್ಷರಗಳು ಪೂರ್ತಿ ಕೈವಶ ಆಗಲು ನಾಲ್ಕನೇ ತರಗತಿಯವರೆಗೂ ಹಿಡಿಯುತ್ತದೆ ಅಂತ ಕಂಡದ್ದು ಸುಮ್ಮನೆ ಅಲ್ಲ. ಆದ್ದರಿಂದ ‘ಮತ್ತು’, ‘ಎಲ್ಲಿ’, ‘ಇಲ್ಲ’ ಥರದ ಹತ್ತಿಪ್ಪತ್ತು ಪದಗಳನ್ನು ಒತ್ತಕ್ಷರದ ಪಾಠ ಬರುವ ಮುಂಚೆಯೇ ಪರಿಚಯ ಮಾಡಿಕೊಟ್ಟರೆ ಕಥೆ ಓದಲು ದಾರಿ ಆಗುತ್ತದೆ. ಆಮೇಲೆ ಒತ್ತಿನ ಪಾಠ ಬಂದಾಗ ಮಗುವಿಗೆ ಅವು ಹಳೆ ನೆಂಟರು.

ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಈ ಯೋಚನೆ ಮುಂಚಿನಿಂದ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಅಲ್ಲಿ ಅ, ಆ, ಇ, ಈ ಕ್ರಮ ಹಿಡಿಯುವುದಿಲ್ಲ. ರ, ಗ, ಸ, ದ, ಅ ಇಂದ ಶುರು. ಈ ಐದರಲ್ಲೇ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಸಿಕ್ಕಿಬಿಡುತ್ತವೆ. ವರ್ಣಮಾಲೆ ಮುಗಿಯುವವರೆಗೆ ಕಾಯದೆ ಮಗು ಪದ ಓದುತ್ತದೆ. ಎಷ್ಟೋ ಅಪ್ಪ ಅಮ್ಮಂದಿರು “ಇದೆಂತ ತಲೆಕೆಳಗು ಪಾಠ” ಅಂತ ಗೊಣಗಿದ್ದಾರೆ. ಗೊಣಗಲು ಕಾರಣ ಇಲ್ಲ.

ಕನ್ನಡದಲ್ಲಿ ವೇಗ ಬರಬೇಕಾದರೆ ಪದಕ್ಕಿಂತ ಪದದ ಬಾಲ ಮುಖ್ಯ. ‘ಮನೆ’ ಓದಲು ಬರುವ ಮಗು ‘ಮನೆಯಿಂದ’ ಕಂಡಾಗ ನಿಲ್ಲುತ್ತದೆ. ನಮ್ಮ ಪದಗಳು ಒಂದೇ ವೇಷದಲ್ಲಿ ಬರುವುದಿಲ್ಲ. ತೋಟ, ತೋಟಕ್ಕೆ, ತೋಟದಲ್ಲಿ, ತೋಟದಿಂದ. ಕಾಡು, ಕಾಡಿಗೆ, ಕಾಡಿನಲ್ಲಿ, ಕಾಡಿನಿಂದ. ಇವನ್ನೆಲ್ಲ ಪಟ್ಟಿ ಮಾಡಿ ಮುಗಿಯುವುದುಂಟಾ? ಅದರ ಬದಲು ‘ದಲ್ಲಿ’, ‘ನಿಂದ’, ‘ಗಳು’, ‘ತ್ತಾರೆ’ ಈ ಬಾಲಗಳನ್ನು ಒಂದೇ ನೋಟಕ್ಕೆ ಹಿಡಿಯುವ ಅಭ್ಯಾಸ ಮಾಡಿಸಿ. ಎಡಗಡೆ ತೋಟ, ಊರು, ಶಾಲೆ, ಹೊಳೆ ಅಂತ ಚೀಟಿ, ಬಲಗಡೆ ಬಾಲದ ಚೀಟಿ. ಕೂಡಿಸಿ ಓದುವಾಗ ತಪ್ಪು ಬಾಲ ಸೇರಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಜೊತೆಗೆ ಒಂದು ಸಣ್ಣ ಮಾತು ಹೇಳಿಕೊಡಬೇಕು. ನಾವು ‘ಬರ್ತಾನೆ’ ಅನ್ನುವುದನ್ನು ಪುಸ್ತಕ ‘ಬರುತ್ತಾನೆ’ ಅನ್ನುತ್ತದೆ. ಇದು ಗೊತ್ತಿಲ್ಲದ ಮಗು ಸರಿಯಾಗಿ ಕೂಡಿಸಿ ಓದಿಯೂ ಅದು ತನಗೆ ಗೊತ್ತಿರುವ ಪದವೇ ಅಂತ ತಿಳಿಯದೆ ಮುಖ ನೋಡುತ್ತದೆ.

ಅಭ್ಯಾಸ ಎಷ್ಟು ಮಾಡಿಸಬೇಕು? ಇಂಗ್ಲಿಷಿನಲ್ಲಿ ವಾರಕ್ಕೆ ಮೂರರಿಂದ ಐದು ಹೊಸ ಪದ ಸಾಕು. ದಿನಕ್ಕೆ ಹತ್ತು ನಿಮಿಷ. ಇವತ್ತು ಕಲಿತದ್ದನ್ನು ನಾಳೆ ನೋಡಿ, ಎರಡು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಮತ್ತೆ ನೋಡಿ. ಭಾನುವಾರ ಸಂಜೆ ಎರಡು ಗಂಟೆ ಕೂರಿಸಿ ಇಡೀ ಹಾಳೆ ತುರುಕಿದರೆ ಸೋಮವಾರಕ್ಕೆ ಇರುತ್ತದೆ, ಗುರುವಾರಕ್ಕೆ ಇರುವುದಿಲ್ಲ. ಹೋಲುವ ಪದಗಳನ್ನು ಒಂದೇ ದಿನ ಕೊಡಬೇಡಿ. ವಾಟ್, ವೆನ್, ವೇರ್, ವೇರ್ ತಮ್ಮ ವರ್ ಎಲ್ಲ ಒಟ್ಟಿಗೆ ಬಂದರೆ ದೊಡ್ಡವರಿಗೇ ಗೊಂದಲ.

ಕಾರ್ಡಿನ ಮೇಲೆ ಚಿತ್ರ ಬೇಡ. ಚಿತ್ರ ಇದ್ದರೆ ಕಣ್ಣು ಚಿತ್ರಕ್ಕೆ ಹೋಗುತ್ತದೆ, ಅಕ್ಷರಕ್ಕೆ ಹೋಗುವುದಿಲ್ಲ. ಜೇ ಸ್ಯಾಮ್ಯುಯೆಲ್ಸ್ ಎಂಬವರು 1967ರಲ್ಲೇ ಇದನ್ನು ಮಕ್ಕಳ ಮೇಲೆ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಕಥೆ ಪುಸ್ತಕದಲ್ಲಿ ಚಿತ್ರ ಇರಲಿ, ಅದು ಕಥೆಗೆ. ಓದುವಾಗ ಮಗು ತಡವರಿಸಿದರೆ “ಚಿತ್ರ ನೋಡಿ ಹೇಳು” ಅನ್ನುವುದು ಬೇಡ. “ಮೊದಲ ಸದ್ದು ಎಂತದು?” ಅಂತ ಕೇಳಿ.

ಕಾರ್ಡು ಅಂಗಡಿಯಿಂದ ತರುವ ಅಗತ್ಯ ಇಲ್ಲ. ಮಲೆನಾಡಿನ ಮಳೆಗಾಲದಲ್ಲಿ ತೆಳು ಕಾಗದ ಹದಿನೈದು ದಿನಕ್ಕೆ ಮೆತ್ತಗಾಗಿ ಬೂಸಲು ಹಿಡಿಯುತ್ತದೆ. ಹಳೆ ಲಗ್ನಪತ್ರಿಕೆ ಎಲ್ಲರ ಮನೆಯಲ್ಲೂ ಕಟ್ಟುಗಟ್ಟಲೆ ಇರುತ್ತದಲ್ಲ, ಅದರ ಖಾಲಿ ಬೆನ್ನು ಗಟ್ಟಿಯಾಗಿರುತ್ತದೆ. ಕತ್ತರಿಸಿ, ಮಾರ್ಕರಿನಲ್ಲಿ ದಪ್ಪಗೆ ಬರೆದು, ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡಿ. ಜುಲೈನಲ್ಲಿ ಡಿಸಿ ರಜೆ ಕೊಟ್ಟು, ಕರೆಂಟು ಹೋಗಿ, ಮೊಬೈಲ್ ಚಾರ್ಜೂ ಮುಗಿದ ಮಧ್ಯಾಹ್ನಗಳಿಗೆ ಅದಕ್ಕಿಂತ ಒಳ್ಳೆಯ ಆಟ ಬೇರೆ ಇಲ್ಲ. ಜೋಡಿ ಕಾರ್ಡು ಮಾಡಿ ಮಗುಚಿ ಇಟ್ಟು ಜೋಡಿ ಹುಡುಕುವುದು, ಚೌಕಾಬಾರದ ಮನೆಗಳಲ್ಲಿ ಪದ ಬರೆದು ಕಾಯಿ ಬಿದ್ದ ಮನೆಯ ಪದ ಓದಿದರೆ ಮಾತ್ರ ಮುಂದೆ ಹೋಗುವುದು, ಎರಡೂ ನಡೆಯುತ್ತವೆ. ಗೆದ್ದವರು ಯಾರು ಅನ್ನುವುದರಲ್ಲಿ ಜಗಳ ಆಗುತ್ತದೆ, ಅದು ನಿಮ್ಮ ಕರ್ಮ.

ಆದರೆ ಆಟ ಎಷ್ಟೇ ಆಡಿದರೂ ಪದ ನಿಜವಾಗಿ ಕೂರುವುದು ವಾಕ್ಯದಲ್ಲಿ ಓದಿದಾಗ. ‘ದ’, ‘ಆಫ್’, ‘ವಾಸ್’ ಇವುಗಳಿಗೆ ಒಂಟಿಯಾಗಿ ಅರ್ಥವೇ ಇಲ್ಲ. ಮಗು ಆಗಲೇ ಕೂಡಿಸಬಲ್ಲ ಪದಗಳ ನಡುವೆ ಒಂದೆರಡು ತಂಟೆಕೋರರನ್ನು ಸೇರಿಸಿ ನೀವೇ ಎರಡು ಸಾಲು ಬರೆಯಿರಿ. ಮನೆಯ ನಾಯಿ, ಬೆಕ್ಕು, ಅಜ್ಜನ ಕನ್ನಡಕ ಅದರಲ್ಲಿ ಬರಲಿ. ಅಚ್ಚಿನ ಪುಸ್ತಕಕ್ಕಿಂತ ಇದನ್ನು ಹೆಚ್ಚು ಸಲ ಕೇಳಿ ಓದುತ್ತಾರೆ.

ಇಷ್ಟೆಲ್ಲ ಮಾಡಿಯೂ, ಒಂದು ವರ್ಷ ಸಮಾಧಾನದಿಂದ ಕಲಿಸಿದ ಮೇಲೂ, ಮಗು ನಿನ್ನೆ ಓದಿದ ಪದವನ್ನು ಇವತ್ತು ಮೊದಲ ಸಲ ಕಂಡಂತೆ ನೋಡಿದರೆ, ಕನ್ನಡದಲ್ಲೂ ಹೀಗೇ ಆದರೆ, ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಸರ್ಕಾರಿ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಹೇಳಿದರೂ ಆಗುತ್ತದೆ. ಅವು ಸರಿಯಾಗಿದ್ದರೆ ಡಿಸ್‌ಲೆಕ್ಸಿಯಾ, ಅಂದರೆ ಓದು ಬರಹದ ಕಲಿಕಾ ನ್ಯೂನತೆ, ಇರಬಹುದಾ ಅಂತ ನೋಡಿಸಬೇಕು. ಇದು ಬುದ್ಧಿಯ ಕೊರತೆ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯನ್ನೂ ಸೇರಿಸಿದ್ದಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡೂ ಕಡೆ ಪರೀಕ್ಷೆ ಮಾಡುತ್ತಾರೆ. ಹೋಗುವಾಗ ಅಂಕಪಟ್ಟಿಯ ಜೊತೆ ಮಗು ತಾನೇ ಬರೆದ ಹಳೆ ನೋಟ್‌ಬುಕ್ಕುಗಳನ್ನೂ ಒಯ್ಯಿರಿ, ಕನ್ನಡದ್ದೂ ಇಂಗ್ಲಿಷಿನದ್ದೂ. ಯಾವ ಸದ್ದಿಗೆ ಯಾವ ಅಕ್ಷರ ಬಿಟ್ಟುಹೋಗುತ್ತಿದೆ ಅನ್ನುವುದು ನೋಡುವವರಿಗೆ ಅದರಲ್ಲೇ ಸಿಗುತ್ತದೆ.